ಟವೆಲ್ ಕೆಳಗಿನ ತೀರ್ಪು

ಕೆಂಪು ಅಂಚಿನ ಆ ಟವೆಲ್ ಈಗ ನನ್ನ ಬೀರುವಿನಲ್ಲಿದೆ. ಅತ್ತೆಗೂ ಬೇಡ, ದೊಡ್ಡಪ್ಪನಿಗೂ ಬೇಡ. ಒಗೆದು ಒಗೆದು ನೂಲು ಕಾಣುತ್ತಿದೆ, ನೆಲ ಒರೆಸಲು ಹಾಕು ಅಂತ ನನ್ನ ಗಂಡ ಎಷ್ಟೋ ಸಲ ಹೇಳಿದ್ದಾರೆ. ನಾನು ಹಾಕಿಲ್ಲ. ಆ ಟವೆಲಿನ ಕೆಳಗೆ ಕೈಯಿಟ್ಟು ಕೂತ ಸೋಮವಾರಗಳೇ ಈ ಮನೆಯಲ್ಲಿ ನಾನು ಕಳೆದ ಅತ್ಯಂತ ಸುಖದ ಸೋಮವಾರಗಳು.

ಮದುವೆಯಾಗಿ ಸಕಲೇಶಪುರದ ಹೆಗ್ಗದ್ದೆ ಕಡೆಯ ಈ ಮನೆಗೆ ಬಂದಾಗ, ಅತ್ತೆ ಟಿ.ವಿ. ಮುಂದೆ ಕೂತರೆ ಧಾರಾವಾಹಿ ನೋಡುತ್ತಾರೆ ಅಂದುಕೊಂಡಿದ್ದೆ. ಅದರಲ್ಲಿ ನನ್ನ ತಪ್ಪೇನಿಲ್ಲ. ಆಲೂರು ಹತ್ತಿರದ ನನ್ನ ತವರಿನಲ್ಲಿ ಅವ್ವ, ಚಿಕ್ಕಮ್ಮಂದಿರು, ಪಕ್ಕದ ಮನೆಯವರು ಎಲ್ಲರೂ ನೋಡುತ್ತಿದ್ದುದು ಅದನ್ನೇ. ಸೊಸೆಯನ್ನು ಗೋಳುಹೊಯ್ದುಕೊಳ್ಳುವ ಅತ್ತೆಯರನ್ನು ನೋಡಿ ನೋಡಿ ನಾನೂ ತಕ್ಕಮಟ್ಟಿಗೆ ತಯಾರಾಗಿಯೇ ಬಂದಿದ್ದೆ. ಮೊದಲ ಸೋಮವಾರ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಹಾಲಿನಿಂದ ಸಾವಿರಾರು ಜನ ಒಟ್ಟಿಗೆ ಕೂಗಿದ ಸದ್ದು ಕೇಳಿ ಎದ್ದು ಬಂದೆ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆಂಚಿನ ತುದಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ಟಿ.ವಿ.ಯಲ್ಲಿ ಚಡ್ಡಿ ಹಾಕಿದ ಒಬ್ಬ ದಾಂಡಿಗ ಇನ್ನೊಬ್ಬ ದಾಂಡಿಗನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದ. ಬೆಂಚಿನ ಇನ್ನೊಂದು ತುದಿಯಲ್ಲಿ ಅತ್ತೆಯ ಅಣ್ಣ ಇದ್ದರು. ವರಸೆಯಲ್ಲಿ ನನಗೆ ದೊಡ್ಡಪ್ಪ ಆಗಬೇಕು, ಹಾಗೇ ಕರೆಯುತ್ತೇನೆ. ಇಬ್ಬರ ನಡುವೆ ನನ್ನ ಗಂಡ ತೂಕಡಿಸುತ್ತಾ ಕೂತಿದ್ದರು. ಅವರ ಎರಡೂ ಕೈ ಒಂದು ಟವೆಲಿನ ಕೆಳಗಿದ್ದವು.

ನನ್ನನ್ನು ಕಂಡದ್ದೇ ಗಂಡ ಎದ್ದು ನಿಂತರು. "ಬಾ ಮಾರಾಯ್ತಿ, ದೇವ್ರು ಕಳ್ಸ್ದಂಗೆ ಬಂದೆ. ಇನ್ಮೇಲೆ ನೀನೇ ಹಿಡ್ಕೋ" ಅಂದು ಟವೆಲನ್ನು ನನ್ನ ಹೆಗಲಿಗೆ ಹಾಕಿ ಮತ್ತೆ ಮಲಗಲು ಹೋದರು. ಆಮೇಲೆ ಈ ಮನೆಯ ಯಾವ ಜವಾಬ್ದಾರಿಯನ್ನೂ ಅವರು ಅಷ್ಟು ಸಂತೋಷದಿಂದ ನನಗೆ ಒಪ್ಪಿಸಿದ್ದಿಲ್ಲ.

ತಿಂಗಳಿಗೊಮ್ಮೆ ಬರುವ ಆ ದೊಡ್ಡ ಕುಸ್ತಿ ಶೋ ಅಮೆರಿಕದಲ್ಲಿ ಭಾನುವಾರ ರಾತ್ರಿ ನಡೆಯುತ್ತದೆ, ನಮಗೆ ಸೋಮವಾರ ಬೆಳಗಿನ ಜಾವ. ಅಲ್ಲಿಯವರು ಅದೊಂದನ್ನು ನೋಡಲು ಬೇರೆಯಾಗಿ ದುಡ್ಡು ಕಟ್ಟಬೇಕು, ನಮಗೆ ಡಿಶ್ಶಿನ ಲೆಕ್ಕದಲ್ಲೇ ಬಂದುಬಿಡುತ್ತಿತ್ತು. ಈ ಸಂಗತಿ ಹೇಗೋ ದೊಡ್ಡಪ್ಪನ ಕಿವಿಗೆ ಬಿದ್ದು, ಅಂದಿನಿಂದ ಪಂದ್ಯಗಳಿಗೆ ತೀರ್ಪು ಕೊಡುವುದು ಅವರಿಗೊಂದು ಹೊಣೆ ಆಗಿಬಿಟ್ಟಿತ್ತು. "ನಾವು ಬಿಟ್ಟಿ ನೋಡೋರು ಕಣಮ್ಮ. ಅಲ್ಲಿ ಪಾಪ ಕಾಸು ಕೊಟ್ಟು ನೋಡೋರಿಗೆ ಮೋಸ ಆಯ್ತೋ ಇಲ್ವೋ ಅಂತ ಯಾರಾದ್ರೂ ಹೇಳ್ಬೇಕಲ್ಲ" ಅಂತ ನನಗೆ ಗಂಭೀರವಾಗಿ ವಿವರಿಸಿದರು. ಯಾರಿಗೆ ಹೇಳುತ್ತೀರಿ, ಯಾರು ಕೇಳುತ್ತಾರೆ ಅಂತ ನಾನು ಕೇಳಲಿಲ್ಲ. ಹೊಸ ಸೊಸೆ, ತೆಪ್ಪಗೆ ಕೂತೆ.

ಟವೆಲಿನ ಕತೆ ಅತ್ತೆ ಆಮೇಲೆ ಹೇಳಿದರು. ಅಣ್ಣತಂಗಿಯರ ಅಪ್ಪ ದನದ ದಲ್ಲಾಳಿ. ಸಂತೆಯಲ್ಲಿ ಎತ್ತು ಮಾರುವಾಗ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಕೈ ಹಾಕಿ, ಎದುರಿನವನ ಬೆರಳು ಹಿಡಿದು ಒತ್ತುವುದು. ಸುತ್ತ ನಿಂತವರು ಕಣ್ಣು ಕಣ್ಣು ಬಿಡಬೇಕು, ಅಷ್ಟೆ. ಕುಸ್ತಿಯ ತೀರ್ಪಿಗೆ ಮೊದಮೊದಲು ಟವೆಲ್ ಇರಲಿಲ್ಲ. ಪಂದ್ಯ ಮುಗಿದ ಕೂಡಲೇ ದೊಡ್ಡಪ್ಪ ಐದಕ್ಕೆ "ನಾಲ್ಕು" ಅನ್ನುತ್ತಿದ್ದರು. ಅತ್ತೆ "ಹೂಂ ಅಣ್ಣಯ್ಯ, ನಾಲ್ಕೇ" ಅನ್ನುತ್ತಿದ್ದರು. ಅಣ್ಣನ ಮಾತಿಗೆ ಎದುರಾಡುವ ರೂಢಿ ಆ ಮನೆಯ ಹೆಣ್ಣುಮಕ್ಕಳಿಗೆ ಇರಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ, "ಆ ಸುಡುಗಾಡು ಪಂದ್ಯಕ್ಕೆ ನಾಲ್ಕಂತೆ! ಬೀಳಕ್ಕೆ ಬರಲ್ಲ, ಏಳಕ್ಕೆ ಬರಲ್ಲ" ಅಂತ ಅಕ್ಕಿರೊಟ್ಟಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು. ಸೀದ ರೊಟ್ಟಿ ತಿಂದು ತಿಂದು ಸಾಕಾದ ನನ್ನ ಮಾವನವರು ಒಂದು ದಿನ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ನಡುವೆ ಎಸೆದು, "ನಿಮ್ಮಪ್ಪ ದನ ಮಾರ್ತಿದ್ದಂಗೆ ಮಾಡ್ಕಳಿ, ನನ್ ರೊಟ್ಟಿ ಬುಟ್ಬುಡಿ" ಅಂದರಂತೆ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಟವೆಲ್ ಉಳಿದಿತ್ತು.

ನಿಯಮ ಹೀಗೆ. ನಡುವೆ ಕೂತವರ ಬಲಗೈ ದೊಡ್ಡಪ್ಪನ ಕಡೆ, ಎಡಗೈ ಅತ್ತೆಯ ಕಡೆ. ಒಬ್ಬೊಬ್ಬರೂ ತಮ್ಮ ಮಾರ್ಕಿನಷ್ಟು ಬೆರಳು ಹಿಡಿದು ಒತ್ತುತ್ತಾರೆ. ಐದು ಅಂದರೆ ಇಡೀ ಕೈ. ನಡುವೆ ಕೂತವರು ಎರಡನ್ನೂ ಕೂಡಿಸಿ ಮೊತ್ತ ಮಾತ್ರ ಹೇಳಬೇಕು, ಯಾರು ಎಷ್ಟು ಕೊಟ್ಟರು ಅಂತ ಬಾಯಿಬಿಡಬಾರದು. ಹಾಗಾಗಿ ತಂಗಿ ಅಣ್ಣನಿಗೆ ಎದುರಾಡಿದಂತೆ ಆಗುವುದಿಲ್ಲ.

ನನಗೆ ಮೊದಲ ದಿನವೇ ನಗು ಬಂತು. ಮೊತ್ತ ಆರು ಅಂದರೆ, ತನ್ನ ನಾಲ್ಕು ಕಳೆದರೆ ತಂಗಿಯದು ಎರಡು ಅಂತ ದೊಡ್ಡಪ್ಪನಿಗೆ ಗೊತ್ತಾಗುವುದಿಲ್ಲವೇ? ಒಂದು ದಿನ ಸೊಪ್ಪು ಬಿಡಿಸುತ್ತಾ ಅತ್ತೆಯನ್ನು ಕೇಳಿಯೇಬಿಟ್ಟೆ. ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಗೊತ್ತಾಗ್ದೆ ಏನು. ಅವ್ನಿಗೂ ಗೊತ್ತು, ನಂಗೂ ಗೊತ್ತು. ಗೊತ್ತಿಲ್ದಂಗೆ ಇರಾದು ಕಣೇ." ಕುಸ್ತಿಯ ಬಗ್ಗೆ ದೊಡ್ಡಪ್ಪನ ನಿಲುವೂ ಅದೇ. ಇದೆಲ್ಲ ಮೊದಲೇ ಮಾತಾಡಿಕೊಂಡು ಆಡುವ ನಾಟಕ ಅಲ್ಲವಾ ದೊಡ್ಡಪ್ಪ ಅಂದರೆ, "ನಾಟ್ಕ ಅಂತ್ಲೇ ಮಾರ್ಕು ಕೊಡಾದು. ನಿಜವಾದ ಜಗಳಕ್ಕೆ ಯಾರಾದ್ರೂ ಮಾರ್ಕು ಕೊಡ್ತಾರಾ?" ಅಂತ ಕೇಳಿದರು.

ಇಬ್ಬರ ಅಳತೆಗೋಲು ಬೇರೆ ಬೇರೆ. ಅತ್ತೆ ನೋಡುತ್ತಿದ್ದುದು ಎತ್ತಿದವನನ್ನಲ್ಲ, ಬಿದ್ದವನನ್ನು. ಬೀಳುವವನು ಚೆನ್ನಾಗಿ ಬಿದ್ದರೆ ತಾನೇ ಎತ್ತಿದವನಿಗೆ ಮರ್ಯಾದೆ, ಹಾಗಾಗಿ ಮಾರ್ಕು ಬಿದ್ದವನದು ಅನ್ನುವುದು ಅವರ ನ್ಯಾಯ. ದೊಡ್ಡಪ್ಪ ಕಿವಿಯಿಂದ ನೋಡುವವರು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಎಡಕುಮೇರಿ ಘಾಟಿಯಲ್ಲಿ ಹಳಿಯುದ್ದಕ್ಕೂ ನಡೆದವರು. ಹಳಿಯನ್ನು ಬಿಗಿಹಿಡಿಯುವ ಕಬ್ಬಿಣದ ಕೀಗಳಿಗೆ ಸುತ್ತಿಗೆಯಿಂದ ತಟ್ಟುತ್ತಾ ಹೋಗುವುದು, ಸದ್ದಿನಲ್ಲೇ ಯಾವುದು ಸಡಿಲ ಅಂತ ತಿಳಿಯುವುದು ಅವರ ಕೆಲಸವಾಗಿತ್ತು. ಕುಸ್ತಿಯ ಅಖಾಡಕ್ಕೆ ಮೈ ಬಿದ್ದ ಸದ್ದು ಕೇಳಿಯೇ "ಇದು ಸರಿಯಾಗಿ ಬಿತ್ತು", "ಇದು ಟೊಳ್ಳು" ಅನ್ನುತ್ತಿದ್ದರು. ಮಾರ್ಕಿನಲ್ಲಿ ಮಾತ್ರ ಮಹಾ ಜುಗ್ಗ. ಐದು ಅವರ ಕೈಯಿಂದ ಬಂದದ್ದೇ ಇಲ್ಲ. "ಐದು ಕೊಟ್ಬುಟ್ರೆ ಮುಂದಿನ ತಿಂಗ್ಳಿಗೆ ಏನ್ ಉಳೀತೈತೆ?" ಅನ್ನುವರು. ಎಂತೆಂಥ ಪಂದ್ಯಗಳು ಬಂದವು, ಪಂಜರದ ಮೇಲಿಂದ ಹಾರಿದರು, ಏಣಿ ಹತ್ತಿ ಬೆಲ್ಟು ಕಿತ್ತರು, ದೊಡ್ಡಪ್ಪ ನನ್ನ ನಾಲ್ಕು ಬೆರಳು ಹಿಡಿದು ಹೆಬ್ಬೆರಳನ್ನು ಹೊರಗೇ ಬಿಡುತ್ತಿದ್ದರು.

ಇಬ್ಬರೂ ಒಪ್ಪುತ್ತಿದ್ದುದು ಒಬ್ಬನನ್ನು ಮಾತ್ರ. ಅವನಿಗೆ ಬೇರೆ ಹೆಸರೇನೋ ಇತ್ತು, ನಮ್ಮ ಮನೆಯಲ್ಲಿ ಅವನು ಉದ್ದಕೂದಲಿನವನು. ನಾನು ಬರುವ ಹೊತ್ತಿಗೆ ಅವನ ಕೂದಲು ಹೆಗಲಿಗೆ ಬಂದಿತ್ತು, ಆಮೇಲೆ ಕಿವಿಗೆ ಬಂತು, ಕೊನೆಗೆ ನೆತ್ತಿ ಪೂರ್ತಿ ಬೋಳಾಯಿತು. ಆದರೂ ಅವನು ಉದ್ದಕೂದಲಿನವನೇ.

ಆ ದಿನಗಳ ನೆನಪು ಬಂದರೆ ನನಗೆ ಮೊದಲು ಕಾಣುವುದು ಕುಸ್ತಿಯಲ್ಲ, ಕೈಗಳು. ದೊಡ್ಡಪ್ಪನ ಬೆರಳು ಸುತ್ತಿಗೆ ಹಿಡಿದು ಒರಟಾದವು, ಒತ್ತಿದರೆ ಮೂಳೆಗೆ ತಾಗುತ್ತಿತ್ತು. ಅತ್ತೆಯದು ಹಣ್ಣು ಕೀಳುವ ಕೈ, ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಹಣ್ಣಿನ ಅಂಟು ಹತ್ತಿ ಉಗುರಿನ ಸುತ್ತ ಕಪ್ಪಗಿರುತ್ತಿತ್ತು. ಹೊರಗೆ ಕಣದಲ್ಲಿ ಕಾಫಿ ಹರಡುವ ಮೊದಲು, ಕೆಲಸದವರು ಬರುವ ಮೊದಲು, ನಮ್ಮ ಮೂವರಿಗೆ ಮಾತ್ರ ಸೇರಿದ ಹೊತ್ತು ಅದು. ಬೆಲ್ಲದ ಕಾಫಿ, ಘಾಟಿ ಹತ್ತುವ ಗೂಡ್ಸ್ ಗಾಡಿಯ ಸದ್ದು, ಟವೆಲಿನ ಕೆಳಗೆ ಬೆಚ್ಚಗಿನ ಎರಡು ಕೈ. ತವರು ಬಿಟ್ಟು ಬಂದ ಸಂಕಟ ನನಗೆ ಕಡಿಮೆಯಾದದ್ದು ಅಲ್ಲಿಯೇ. ಅದನ್ನು ಅವರಿಬ್ಬರಿಗೆ ಇವತ್ತಿಗೂ ಹೇಳಿಲ್ಲ.

ದೊಡ್ಡಪ್ಪನ ಕಣ್ಣು ಮಂಜಾಗುತ್ತಾ ಬಂದದ್ದು ನಮಗೆ ಬೇಗ ತಿಳಿಯಲಿಲ್ಲ. ಅವರು ಹೇಳುವ ಪೈಕಿಯಲ್ಲ. ಲೋಟಕ್ಕೆ ಕೈ ಚಾಚಿ ಪಕ್ಕದ ಗಾಳಿಯನ್ನು ಹಿಡಿದಾಗಲೇ ಅತ್ತೆಗೆ ಗೊತ್ತಾದದ್ದು. ಹಾಸನಕ್ಕೆ ಕರೆದೊಯ್ದರು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಅಂತ ಡಾಕ್ಟರು ಹೇಳಿದರು. ಹೆಂಡತಿ ತೀರಿಕೊಂಡ ಮೇಲೆ ದೊಡ್ಡಪ್ಪ ನಮ್ಮ ಕಾಫಿ ಸ್ಟೋರಿನ ಪಕ್ಕದ ಕೋಣೆಯಲ್ಲೇ ಇದ್ದರು. ಕಣ್ಣು ಪೂರ್ತಿ ಕತ್ತಲಾದ ಮೇಲೆ ಆ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಊಟ ಅರ್ಧವಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಶೋ ಇದ್ದ ಸೋಮವಾರ ಬಂತು, ಹೋಯಿತು. ಅತ್ತೆ ಟಿ.ವಿ. ಹಾಕಲಿಲ್ಲ. ಮುಂದಿನ ತಿಂಗಳೂ ಹಾಕಲಿಲ್ಲ.

"ಹಿಂಗೇ ಬುಟ್ರೆ ಗೋಡೆ ಕಡೆ ಮುಖ ಮಾಡ್ಕಂಡು ಹೋಗ್ಬುಡ್ತಾನೆ ಕಣೇ" ಅಂದರು ಅತ್ತೆ ನನ್ನೊಡನೆ, ಒಲೆಯ ಮುಂದೆ ಕೂತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಇರುವ ಒಬ್ಬ ಅಣ್ಣ. ಅವರನ್ನು ಮತ್ತೆ ಬೆಂಚಿಗೆ ತರುವುದೊಂದೇ ಅತ್ತೆಯ ತಲೆಯಲ್ಲಿ ಕೂತುಬಿಟ್ಟಿತು.

ಅಷ್ಟರಲ್ಲಿ ನನ್ನ ಗಂಡ ಫೋನಿನಲ್ಲಿ ಒಂದು ಸುದ್ದಿ ನೋಡಿ ಹೇಳಿದರು. ಉದ್ದಕೂದಲಿನವನು ಕುಸ್ತಿ ಬಿಡುತ್ತಿದ್ದಾನೆ, ಬರುವ ಶೋನಲ್ಲಿ ಅವನ ಕೊನೆಯ ಪಂದ್ಯ. ಅತ್ತೆ ಕೈ ಒರೆಸಿಕೊಂಡು ನೇರ ಕೋಣೆಗೆ ಹೋದರು. ನಾನು ಬಾಗಿಲಲ್ಲೇ ನಿಂತೆ.

"ಕಣ್ಣಿಲ್ದೋನು ಏನ್ ತೀರ್ಪು ಕೊಡ್ತಾನೆ, ಸುಮ್ನಿರು" ಅಂದರು ದೊಡ್ಡಪ್ಪ.

"ನಾನು ನೋಡಿ ಹೇಳ್ತೀನಿ. ನೀನು ಮಾರ್ಕು ಕೊಡು."

"ನೀನಾ? ಹುಟ್ದಾಗಿಂದ 'ಹೂಂ ಅಣ್ಣಯ್ಯ' ಬುಟ್ಟು ಬೇರೆ ಮಾತಾಡ್ದೋಳಲ್ಲ."

ಅತ್ತೆ ಅಣ್ಣನ ಪಕ್ಕ ಹೋಗಿ ಕೂತರು. ಆಮೇಲೆ, "ಅವ್ನು ಇಷ್ಟು ವರ್ಷ ನಮ್ಗೋಸ್ಕರ ಬಿದ್ದೌನೆ ಅಣ್ಣಯ್ಯ. ಕೊನೇ ಪಂದ್ಯಕ್ಕೆ ನಮ್ಮನೆಯಿಂದ ಮಾರ್ಕಿಲ್ದೆ ಹೋಗ್ಬುಟ್ರೆ ಚೆಂದಾಗಿರ್ತೈತಾ?" ಅಂದರು. ಅಮೆರಿಕದ ಆ ಮನುಷ್ಯನಿಗೆ ಸಕಲೇಶಪುರ ಅಂತ ಒಂದು ಊರಿರುವುದೇ ಗೊತ್ತಿಲ್ಲ. ಆದರೆ ಮಾತು ನಾಟಿತು. ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಗೋಡೆ ಹಿಡಿದುಕೊಂಡು ಬಂದು ಬೆಂಚಿನ ತಮ್ಮ ತುದಿಯಲ್ಲಿ ಕೂತರು. ಗಡ್ಡ ಬೆಳೆದಿತ್ತು. ನಾನು ಟವೆಲ್ ಹಾಸಿದೆ.

ಮೊದಲ ಪಂದ್ಯ ನೀರಸವಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಬಸ್ಸಿಗೆ ಕಾಯುವವರಂತೆ ನಿಂತಿದ್ದರು. ಆದರೆ ಅತ್ತೆಯ ಬಾಯಲ್ಲಿ ಅದು ಮಹಾಯುದ್ಧ. "ಎತ್ತಿಬುಟ್ಟ ಅಣ್ಣಯ್ಯ, ತಲೆ ಮೇಲಕ್ಕೆ ಎತ್ತಿಬುಟ್ಟ, ಎತ್ತಿ ಕುಕ್ಕಿಬುಟ್ಟ" ಅಂತ ಒಂದೇ ಸಮ. ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಪಂದ್ಯ ಮುಗಿಯಿತು. ನನ್ನ ಬಲಗೈಯನ್ನು ಯಾರೂ ಹಿಡಿಯಲಿಲ್ಲ.

"ಸುಳ್ಳು" ಅಂದರು ದೊಡ್ಡಪ್ಪ. "ಅಷ್ಟೆತ್ತರದಿಂದ ಬಿದ್ದಿದ್ರೆ ಸದ್ದು ಹಂಗೆ ಬರಲ್ಲ. ಜನಾನೂ ಕೂಗ್ಲಿಲ್ಲ. ಕುರುಡ ಅಂತ ಸಮಾಧಾನ ಮಾಡ್ತಿದೀಯಾ?" ಟವೆಲ್ ಸರಿಸಿ ಎದ್ದು ನಿಂತರು. ಗೋಡೆಗಾಗಿ ಕೈ ಚಾಚಿದರು, ಗೋಡೆ ಆ ಕಡೆ ಇರಲಿಲ್ಲ. ಹಿಡಿಯಲು ನಾನು ಏಳಬೇಕೋ ಬೇಡವೋ ತಿಳಿಯಲಿಲ್ಲ. ಈಗ ಹೋದರೆ ಇವರು ಇನ್ನು ಬರುವುದಿಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

"ಕೂತ್ಕೋ ಅಣ್ಣಯ್ಯ" ಅಂದರು ಅತ್ತೆ. ಆ ದನಿಯಲ್ಲಿ ಅವರು ಅಣ್ಣನೊಡನೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಹೂಂ, ಸುಳ್ಳು ಹೇಳ್ದೆ. ಥೂ, ಅದೂ ಒಂದು ಪಂದ್ಯನಾ? ಹೊಟ್ಟೆ ತುಂಬಿದ ಎಮ್ಮೆಗಳು ಒಂದಕ್ಕೊಂದು ಒರಗಿದಂಗೆ ನಿಂತಿದ್ವು. ಗೆದ್ದೋನಿಗೆ ಗೆದ್ದಿದ್ದು ಗೊತ್ತಾಗ್ಲಿಲ್ಲ, ಸೋತೋನಿಗೆ ನಿದ್ದೆ ಬಂದಿತ್ತು. ಅರ್ಧ ಬೆರಳು ಕೊಡಾಕೂ ಮನ್ಸಿಲ್ಲ ನಂಗೆ."

ನನಗೆ ಆ ದನಿ ಚೆನ್ನಾಗಿ ಗೊತ್ತು. ದಿನಾ ಕೇಳುವುದೇ. ಅದು ಅಡುಗೆಮನೆಯ ದನಿ, ಅಕ್ಕಿರೊಟ್ಟಿಯ ಮುಂದೆ ಮಾತ್ರ ಹೊರಡುವ ದನಿ. ದೊಡ್ಡಪ್ಪ ಅದನ್ನು ಕೇಳಿದ್ದು ಬಹುಶಃ ಅವತ್ತೇ. ನಿಂತವರು ಹಾಗೆಯೇ ನಿಂತರು. ಆಮೇಲೆ ಕೈಯಿಂದ ಬೆಂಚನ್ನು ಹುಡುಕಿ ಕೂತರು. "ಹಂಗೆ ಹೇಳು" ಅಂದರು.

ಅತ್ತೆ ಹೇಳಿದರು. ಮುಂದಿನ ಪಂದ್ಯಗಳಲ್ಲಿ ಒಬ್ಬರನ್ನೂ ಬಿಡಲಿಲ್ಲ, ರೆಫ್ರಿಯನ್ನೂ ಬಿಡಲಿಲ್ಲ. ಕಾಫಿ ಆರಿಹೋಯಿತು, ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಉದ್ದಕೂದಲಿನವನು ಬಂದ. ನಾನೂ ಟಿ.ವಿ. ನೋಡುತ್ತಿದ್ದೆ, ಆದರೆ ನನಗೆ ಆ ಪಂದ್ಯ ನೆನಪಿರುವುದು ಅತ್ತೆ ಹೇಳಿದಂತೆಯೇ.

"ಬಂದ ಕಣಣ್ಣಯ್ಯ. ತಲೇಲಿ ಒಂದೆಳೆ ಇಲ್ಲ. ಮಂಡಿಗೆ ಪಟ್ಟಿ ಕಟ್ಟೌನೆ. ಹಗ್ಗದ ಒಳೀಕ್ಕೆ ನುಗ್ಗಾಕೇ ಕಷ್ಟ ಪಡ್ತಾವ್ನೆ. ಎದ್ರಿಗಿರೋನು ಎಳೇ ಹುಡ್ಗ, ಮೈಯೆಲ್ಲ ಎಣ್ಣೆ ಸವರ್ದಂಗೈತೆ. ಹೊಡ್ದ. ಇಲ್ಲ, ತಾಗ್ಲಿಲ್ಲ, ಆದ್ರೂ ಹುಡ್ಗ ಬಿದ್ದ. ಮರ್ಯಾದೆ ಕೊಟ್ಟು ಬಿದ್ದ ಅಣ್ಣಯ್ಯ. ಈಗ ನಮ್ಮೋನು ಮೂಲೆ ಕಂಬ ಹತ್ತಾವ್ನೆ. ಕಾಲು ನಡುಗ್ತೈತೆ. ಹುಡ್ಗ ಎದ್ದುಬುಡ್ಬೋದು, ಏಳ್ತಿಲ್ಲ, ಕಾಯ್ತಾ ಬಿದ್ದೌನೆ. ಹತ್ತಪ್ಪ, ಹತ್ತು. ಜಾರ್ಬುಟ್ಟ."

ದೊಡ್ಡಪ್ಪ ಟವೆಲನ್ನು ಗಟ್ಟಿಯಾಗಿ ಹಿಡಿದಿದ್ದರು. "ಬಿದ್ದಿದ್ದು ಕೇಳ್ತು" ಅಂದರು. "ಆಟಕ್ಕೆ ಬಿದ್ದಿದ್ದಲ್ಲ ಅದು."

"ಅಲ್ಲ. ಹುಡ್ಗ ಮೇಲೆ ಮಲ್ಗೌನೆ, ಮೈ ಭಾರ ಹಾಕ್ದೆ ಮೊಣಕೈ ಮೇಲೆ ನಿಂತೌನೆ. ಮೂರು ಎಣ್ಸಿದ್ರು. ಸೋತ. ಆಯ್ತು ಅಣ್ಣಯ್ಯ, ಮುಗೀತು. ಈಗ ಕೂತ್ಕಂಡು ಬೂಟು ಬಿಚ್ತಾವ್ನೆ. ಬಿಚ್ಚಿ ಮಧ್ಯದಾಗೆ ಇಟ್ಟ, ಇನ್ನು ಹಾಕಲ್ಲ ಅನ್ನಂಗೆ. ಬರಿಗಾಲಲ್ಲಿ ಇಳೀತಾವ್ನೆ. ಕಣ್ಣಲ್ಲಿ ನೀರು, ಮೆಟ್ಲು ಕಾಣ್ತಿಲ್ಲ ಅವ್ನಿಗೆ. ಕಾಲಲ್ಲಿ ತಡಕ್ತಾವ್ನೆ. ಆ ಹುಡ್ಗನೇ ಹಗ್ಗ ಎತ್ತಿ ಹಿಡ್ದೌನೆ, ಕೈ ಕೊಡ್ತಾವ್ನೆ."

ಅಷ್ಟು ಹೇಳಿ ಅತ್ತೆ ತಟ್ಟನೆ ನಿಲ್ಲಿಸಿದರು. ಯಾರ ಮುಂದೆ ಏನು ಹೇಳುತ್ತಿದ್ದೇನೆ ಅನ್ನುವುದು ಆಗ ಹೊಳೆಯಿತೇನೋ.

ನಾನು ಎರಡೂ ಕೈಯನ್ನು ಟವೆಲಿನ ಕೆಳಗೆ ಇಟ್ಟೆ. ಎಡಗೈಯಲ್ಲಿ ಅತ್ತೆ ಎರಡು ಬೆರಳು ಒತ್ತಿದರು. ಮನಸ್ಸು ಕರಗಿದ್ದರೂ ನ್ಯಾಯ ನ್ಯಾಯವೇ, ಪಂದ್ಯ ಅಷ್ಟಕ್ಕಿಂತ ಹೆಚ್ಚಿನದಾಗಿರಲಿಲ್ಲ. ಬಲಗೈಯಲ್ಲಿ ದೊಡ್ಡಪ್ಪನ ಬೆರಳುಗಳು ಒಂದೊಂದಾಗಿ ನನ್ನ ಬೆರಳನ್ನು ಹುಡುಕಿದವು. ನಾಲ್ಕನ್ನು ಸೇರಿಸಿ ಹಿಡಿದು ಸ್ವಲ್ಪ ಹೊತ್ತು ನಿಂತವು. ಆಮೇಲೆ ಹೆಬ್ಬೆರಳನ್ನೂ ಒಳಗೆ ತೆಗೆದುಕೊಂಡು ಇಡೀ ಕೈಯನ್ನು ಮುಷ್ಟಿಯಲ್ಲಿ ಹಿಡಿದವು.

ನಾನು ಎರಡನ್ನೂ ಕೂಡಿಸಿದೆ. "ಏಳು" ಅಂದೆ.

ಅತ್ತೆ ಕಳೆಯುವ ಲೆಕ್ಕ ಮಾಡಿದ್ದು ಮುಖದಲ್ಲೇ ಕಂಡಿತು. ಗೊತ್ತಿಲ್ಲದಂತೆ ಇರಬೇಕಾದ ಹೊತ್ತು. ಅವರು ಹಾಗೆ ಇರಲಿಲ್ಲ.

"ಐದಾ? ಅಣ್ಣಯ್ಯ, ಆ ಪಂದ್ಯಕ್ಕೆ ಐದಾ? ಕಂಬ ಹತ್ತಾಕಾಗ್ದೆ ಜಾರಿ ಬಿದ್ದ ಪಂದ್ಯ. ನಾನು ಎರಡು ಕೊಟ್ಟಿದ್ದೇ ಜಾಸ್ತಿ. ನೀನು ತಪ್ಪು."

ಹುಟ್ಟಿದಾಗಿನಿಂದ ಬಾಯಿಗೆ ಬಾರದ ಮಾತು, ಟವೆಲಿನ ಮೇಲೆಯೇ ಬಂದು ಬಿತ್ತು. ದೊಡ್ಡಪ್ಪ ಸದ್ದು ಬಂದ ಕಡೆಗೆ ಮುಖ ತಿರುಗಿಸಿದರು. ನಗುತ್ತಿದ್ದರು. ಕಣ್ಣು ಹೋದ ಮೇಲೆ ನಾನು ಕಂಡ ಮೊದಲ ನಗು.

"ನೀನು ನೋಡಿದ್ದಕ್ಕೆ ಕೊಟ್ಟೆ ಕಣವ್ವ. ನಾನು ನಿನ್ ಬಾಯಿಂದ ಕೇಳಿದ್ದಕ್ಕೆ ಕೊಟ್ಟೆ. ಯಾವಳು ಇವ್ಳು, ಇಷ್ಟು ದಿವ್ಸ ನಮ್ಮನೇಲೇ ಇದ್ಲಾ?"

"ಮಾತು ಮರೆಸ್ಬೇಡ. ಐದು ಜಾಸ್ತಿ ಆಯ್ತು."

"ಮುಂದಿನ ತಿಂಗ್ಳು ನೀನು ಕೆಟ್ಟದಾಗಿ ಹೇಳು, ಕಮ್ಮಿ ಕೊಡ್ತೀನಿ."

ಆಮೇಲೆ ಅವರಿಗೆ ಟವೆಲ್ ಬೇಕಾಗಲಿಲ್ಲ. ಶೋ ಈಗ ಫೋನಿನಲ್ಲೇ ಬರುತ್ತದೆ, ನೋಡುವವರು ಒಬ್ಬರು, ಕೇಳುವವರು ಒಬ್ಬರು, ಜಗಳ ಇಬ್ಬರದು. ನನ್ನ ಕೆಲಸ ಹೋಯಿತು. ಖುಷಿಯಾಗಿಯೇ ಹೋಯಿತು ಅಂತ ಹೇಳುತ್ತೇನೆ, ಆದರೂ ಬೀರು ತೆಗೆದಾಗ ಕೈ ಆ ಟವೆಲಿನ ಮೇಲೆ ಒಂದು ಗಳಿಗೆ ನಿಲ್ಲುತ್ತದೆ.

ಆ ಕೊನೆಯ ಪಂದ್ಯದ ದಿನ ಹಣ್ಣು ಕೀಳುವ ಹೆಂಗಸರು ಬುಟ್ಟಿ ಹಿಡಿದು ಅಂಗಳಕ್ಕೆ ಬಂದದ್ದು ನಮಗೆ ತಿಳಿಯಲೇ ಇಲ್ಲ. ನನ್ನ ಕೈಗಳು ಇನ್ನೂ ಇಬ್ಬರ ಹಿಡಿತದಲ್ಲೇ ಇದ್ದವು, ಬಿಡುವುದನ್ನು ಇಬ್ಬರೂ ಮರೆತಿದ್ದರು. ಕಿಟಕಿಯಿಂದ ಒಬ್ಬಳು ಇಣುಕಿ, ಇವತ್ತು ಯಾವ ಕಡೆ ಕೀಳುವುದು ಅಂತ ಕೇಳಿದಳು.

"ಕೂತಿರ್ರೇ ಒಂದ್ ಗಳಿಗೆ" ಅಂದರು ಅತ್ತೆ, ಅಣ್ಣನ ಮುಖದಿಂದ ಕಣ್ಣು ತೆಗೆಯದೆ. "ತೀರ್ಪು ಇನ್ನೂ ಮುಗ್ದಿಲ್ಲ."